ಬಸ್ಸಿನ ಮೂತಿಗೆ ಬಯಕೆ ಬುತ್ತಿ

ಬಸ್ಸು, ಟ್ರ್ಯಾಮು, ಸೈಕಲ್ಲು, ಕಾಲ್ನಡಿಗೆಗಳ ವಿಷಯದಲ್ಲಿ ಪಂಡಿತೆಯಾಗಲು ಎಷ್ಟು ದಿನ ಬೇಕು? ನನ್ನ ಅನುಭವದಲ್ಲಿ ಹತ್ತು ದಿನ ಸಾಕು. ಹನ್ನೊಂದನೆಯ ದಿನವೂ ಅಲ್ಲೇ ಉಳಿದರೆ ಅನುಮಾನಗಳು ಶುರುವಾಗುತ್ತವೆ. ನಾನು ಆಮ್‌ಸ್ಟರ್‌ಡ್ಯಾಮಿನಲ್ಲಿ ಸರಿಯಾಗಿ ಹತ್ತು ದಿನ ಇದ್ದು ನಮ್ಮ ಮನೆಯಿದ್ದ ಸ್ಯಾನ್ ಹೊಸೆಗೆ ಮರಳಿದೆ.

ಅದು ಡಾಟ್‌ಕಾಮ್ ಕಾಲ. ನಮ್ಮ ಮನೆಯವರು, ಅಂದರೆ ಪ್ರಸನ್ನ, ಕೆಲಸ ಮಾಡುತ್ತಿದ್ದ ಕಂಪನಿ ಏನು ತಯಾರಿಸುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಲು ಅವರಿಗೂ ಬರುತ್ತಿರಲಿಲ್ಲ. ಆದರೂ ಮೀಟಿಂಗಿನ ನೆಪದಲ್ಲಿ ಇಂಜಿನಿಯರುಗಳನ್ನು ಯುರೋಪಿಗೆ ಕಳಿಸುವಷ್ಟು ಆ ಕಂಪನಿ ಸುಖವಾಗಿತ್ತು. ಅವರ ಬಾಲ ಹಿಡಿದು ನಾನೂ ಹೋದೆ. ಅವರು ಬೆಳಿಗ್ಗೆಯಿಂದ ಸಂಜೆವರೆಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತರು. ನಾನು ಊರು ತಿರುಗಿದೆ.

ಮೊದಲ ದಿನ ಟ್ರ್ಯಾಮು ಹತ್ತಿ, ತಿರುಗುಮುರುಗು ದಿಕ್ಕಿಗೆ ಹೋಗಿ, ಕೊನೆಯ ಸ್ಟಾಪಿನಲ್ಲಿ ಒಬ್ಬಳೇ ಉಳಿದೆ. ಡ್ರೈವರು ಕೆಳಗಿಳಿದು ಸಿಗರೇಟು ಸೇದಿ, ವಾಪಸು ಹತ್ತಿ, ನನ್ನನ್ನು ಕೂರಿಸಿಕೊಂಡೇ ಹಿಂದಕ್ಕೆ ಕರೆತಂದ. ಎರಡನೆಯ ದಿನ ಬಾಡಿಗೆ ಸೈಕಲ್ಲು ತೆಗೆದುಕೊಂಡೆ. ಅದಕ್ಕೆ ಕೈಯಲ್ಲಿ ಬ್ರೇಕೇ ಇಲ್ಲ! ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಇದು ತಿಳಿಯುವ ಮೊದಲು ನಾನು ಒಬ್ಬ ಅಜ್ಜನ ಹೂವಿನ ಬುಟ್ಟಿಯ ಆಸರೆ ಪಡೆದಿದ್ದೆ. ಅಜ್ಜ ಬೈಯಲಿಲ್ಲ. ಪೆಡಲು ತಿರುಗಿಸಿ ತೋರಿಸಿ, ಮುರಿದ ಹೂವೊಂದನ್ನು ನನ್ನ ಕೈಗೇ ಕೊಟ್ಟು ಕಳಿಸಿದ. ಐದನೆಯ ದಿನದ ಹೊತ್ತಿಗೆ ನಾನು ಕಾಲುವೆಯ ದಂಡೆಯಲ್ಲಿ ಗಂಟೆ ಬಾರಿಸುತ್ತಾ, ದಾರಿಗೆ ಅಡ್ಡ ಬಂದ ಪ್ರವಾಸಿಗರನ್ನು ಗದರಿಸುತ್ತಾ ಹೋಗತೊಡಗಿದೆ. ಗದಗಿನಲ್ಲಿ ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲು ತುಳಿದು ಕಲಿತ ವಿದ್ಯೆ ಕೊನೆಗೂ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಸ್ಯಾನ್ ಹೊಸೆಯಲ್ಲಿ ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿದ್ದೆ. ಮೂರನೆಯ ಸಲ ಪರೀಕ್ಷಕ ಕಾರಿನಿಂದ ಇಳಿದವನು ಮನೆಗೆ ಫೋನು ಮಾಡಿ ಹೆಂಡತಿಯ ಜೊತೆ ಮಾತಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೀಗಾಗಿ ಯುರೋಪಿನಿಂದ ಬಂದ ಮರುದಿನವೇ ನಾನು ಒಂದು ಘೋಷಣೆ ಹೊರಡಿಸಿದೆ.

“ಡ್ರೈವಿಂಗ್ ಗೀವಿಂಗ್ ಏನೂ ಬ್ಯಾಡ್ರಿ. ಮನಷಾಗ ಎರಡು ಕಾಲು ಅದಾವು, ಸೈಕಲ್ಲಿಗೆ ಎರಡು ಗಾಲಿ ಅದಾವು, ಊರಾಗ ಬಸ್ಸು ಅದಾವು. ಇನ್ನೇನು ಬೇಕು?”

“ಇದು ಆಮ್‌ಸ್ಟರ್‌ಡ್ಯಾಮ್ ಅಲ್ಲ ಕಣೇ ಸುಮಾ,” ಎಂದರು ಪ್ರಸನ್ನ. “ಇಲ್ಲಿ ಹಾಲು ತರೋಕ್ಕೂ ಫ್ರೀವೇ ಹತ್ಬೇಕು.”

“ಅದು ನಿಮ್ಮ ಕಲ್ಪನಾ. ಈ ಊರಾಗ ನೀವು ಯಾವತ್ತರೆ ಬಸ್ ಹತ್ತೀರೇನು?”

ಹತ್ತಿರಲಿಲ್ಲ. ನಾನೂ ಹತ್ತಿರಲಿಲ್ಲ ಎಂಬ ಸಣ್ಣ ವಿಷಯವನ್ನು ಇಬ್ಬರೂ ಗಮನಿಸಲಿಲ್ಲ.

ಆ ವಾರವೇ ನಸ್ರೀನಳ ಫೋನು ಬಂತು. ನಸ್ರೀನ್ ಬೆಂಗಳೂರಿನ ಹುಡುಗಿ. ಎರಡು ವರ್ಷ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದಳು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಅವಳ ಮನೆಯ ಬಾಗಿಲು ತೆರೆಯುತ್ತಿತ್ತು. ಗಂಡ ಇಮ್ರಾನನಿಗೆ ಬೇರೆ ಕೆಲಸ ಸಿಕ್ಕಿ ಡ್ಯಾನ್‌ವಿಲ್‌ಗೆ ಹೋಗಿದ್ದರು. ಈಗ ಅವಳಿಗೆ ಏಳು ತಿಂಗಳು. ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಇಮ್ರಾನ್ ವಾರದಲ್ಲಿ ಆರು ದಿನ ಆಫೀಸಿನಲ್ಲೇ ಇರುತ್ತಿದ್ದ. ಏನು ತಿಂದರೂ ವಾಂತಿಯಾಗಿ, ಏಳು ತಿಂಗಳ ಬಸುರಿ ಬಸುರಾಗುವ ಮೊದಲಿಗಿಂತ ತೆಳ್ಳಗಾಗಿದ್ದಳು.

“ಅಕ್ಕಾ, ನಿಮ್ಮ ಮನೇಲಿ ತಿಂತಿದ್ವಲ್ಲ, ಆ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ... ಎರಡು ದಿನದಿಂದ ಕಣ್ಣು ಮುಚ್ಚಿದ್ರೆ ಅದೇ ಕಾಣ್ಸುತ್ತೆ. ಅದೊಂದು ಹೊಟ್ಟೇಲಿ ನಿಲ್ಲುತ್ತೆ ಅನ್ಸುತ್ತೆ ಅಕ್ಕಾ.”

“ಶನಿವಾರ ಮಧ್ಯಾಹ್ನ ಹನ್ನೆರಡಕ್ಕ ರೊಟ್ಟಿ ನಿನ್ನ ಮುಂದ ಇರ್ತಾವು. ನನ್ನ ಮಾತು ಅಂದ್ರ ಮಾತು!”

“ಪ್ರಸನ್ನಣ್ಣ ಕರ್ಕೊಂಡು ಬರ್ತಾರಾ?”

“ಅವರ್ಯಾಕ? ನಾ ಬಸ್ಸಿನಾಗ ಬರ್ತೀನಿ.”

“ಬಸ್ಸಲ್ಲಾ? ಡ್ಯಾನ್‌ವಿಲ್‌ಗಾ?” ಎಂದಳು. ಆಮೇಲೆ ಪಾಪ, ನನ್ನನ್ನು ನಂಬಿದಳು. “ಹಂಗಾದ್ರೆ ಶನಿವಾರ ಬೆಳಿಗ್ಗೆ ನಾನು ಏನೂ ತಿನ್ನಲ್ಲ. ನಿಮ್ಮ ರೊಟ್ಟೀನೇ ಮೊದಲು. ಬಸ್ ಸ್ಟಾಪಿಗೆ ಬಂದು ಕಾಯ್ತಾ ಇರ್ತೀನಿ.”

ನನ್ನನ್ನು ನಂಬಿ ಉಪವಾಸ ಕೂತವರು ಅದುವರೆಗೆ ಯಾರೂ ಇರಲಿಲ್ಲ. ಆಗಲೇ ಹೆದರಬೇಕಾಗಿತ್ತು. ನಾನು ಉಬ್ಬಿದೆ.

“ನಾಡಿದ್ದು ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ,” ಎಂದರು ಪ್ರಸನ್ನ ಶುಕ್ರವಾರ ಸಂಜೆ. ಅವರಿಗೆ ಶನಿವಾರ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸು. “ಕಾರಲ್ಲಿ ಒಂದು ಗಂಟೆ ಅಷ್ಟೆ.”

“ಬಸುರಿ ಬಯಕಿ ನಿಮ್ಮ ರಿಲೀಸಿಗೆ ಕಾಯೂದಿಲ್ರಿ.”

ಗದಗಿಗೆ ಫೋನು ಮಾಡಿ ಅವ್ವನಿಗೂ ಹೇಳಿದೆ. ಅವ್ವ ಖುಷಿಪಟ್ಟಳು. ಜೊತೆಗೆ ನಮ್ಮ ಮನೆತನದ ಎರಡು ನಿಯಮಗಳನ್ನು ನೆನಪಿಸಿದಳು. ಒಂದು, ರಾಹುಕಾಲದಲ್ಲಿ ಹೊಸ್ತಿಲು ದಾಟಬಾರದು. ಇನ್ನೊಂದು, “ಬುತ್ತಿಗಂಟು ಬಸುರಿ ಕೈಗೆ ಮುಟ್ಟೂತನಕ ನೆಲ ಕಾಣಬಾರ್ದು ನೋಡವಾ. ದಾರ್ಯಾಗ ಎಲ್ಲೂ ಕೆಳಗ ಇಡಬ್ಯಾಡ.”

ಶನಿವಾರ ಬೆಳಗಾಗುವ ಮೊದಲೇ ರೊಟ್ಟಿ ಬಡಿಯಲು ಕೂತೆ. ಎಂಟನೆಯ ರೊಟ್ಟಿಗೆ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಸೂರು ಬಡಿದರು. ಹದಿನಾಲ್ಕನೆಯದಕ್ಕೆ ಹೊಗೆಯ ಅಲಾರಂ ಕೂಗಿಕೊಂಡಿತು. ನಾನು ಬಡಿಯುತ್ತಲೇ ಇದ್ದೆ. ಇಪ್ಪತ್ತನಾಲ್ಕು ಖಡಕ್ ರೊಟ್ಟಿ, ಒಂದು ಡಬ್ಬಿ ಎಣ್ಣೆಗಾಯಿ, ಚಟ್ನಿಪುಡಿ, ಎಲ್ಲವನ್ನೂ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದೆ. ಮೊಸರಿನ ಡಬ್ಬಿ ಬೇರೆ, ಕೈಚೀಲದಲ್ಲಿ. ಒಂಬತ್ತಕ್ಕೆ ಎಲ್ಲ ತಯಾರು!

ಆದರೆ ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಅಡಿಗೆಮನೆಯ ಗೋಡೆಯಲ್ಲಿ ನಮ್ಮತ್ತೆ ಕಳಿಸಿದ ಬೆಂಗಳೂರಿನ ಕ್ಯಾಲೆಂಡರು ಸ್ಪಷ್ಟವಾಗಿ ಹೇಳುತ್ತಿತ್ತು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪ್ರಸನ್ನ ಆಫೀಸಿನಿಂದ ಫೋನು ಮಾಡಿದರು.

“ಇನ್ನೂ ಹೊರಟಿಲ್ವಾ?”

“ರಾಹುಕಾಲ ಅದರೀ.”

“ಆ ಕ್ಯಾಲೆಂಡರ್ ಬೆಂಗಳೂರಿಂದು ಕಣೇ. ಅಲ್ಲೀಗ ರಾತ್ರಿ ಊಟ ಆಗಿದೆ. ಆ ರಾಹುಗೆ ಇಲ್ಲಿಗೆ ಎಚ್-ಒನ್ ವೀಸಾ ಕೊಟ್ಟೋರು ಯಾರು?”

ಇಂಥ ಮಾತಿಗೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕುದಲ್ಲವಾದ್ದರಿಂದ ಫೋನು ಇಟ್ಟೆ. ಹತ್ತು ಮೂವತ್ತೊಂದಕ್ಕೆ ಪ್ರಸನ್ನರ ಸೈಕಲ್ಲನ್ನು ಹೊರತೆಗೆದೆ. ವ್ಯಾಯಾಮಕ್ಕೆಂದು ಕೊಂಡು ಎರಡೇ ಸಲ ಹತ್ತಿದ ಸೈಕಲ್ಲು. ಹಿಂದಿನ ಕ್ಯಾರಿಯರಿಗೆ ಗಂಟನ್ನು ಏಳು ಸುತ್ತು ಹಗ್ಗ ಹಾಕಿ ಬಿಗಿದು, ಮೊಸರಿನ ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕಿ, ದೇವರಿಗೆ ಕೈಮುಗಿದು ಹೊರಟೆ. ಬಸ್ ಸ್ಟಾಪು ಒಂದೂವರೆ ಮೈಲಿ. ದಾರಿ ಇಳಿಜಾರು. ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಆಹಾ, ಇದೇ ಅಲ್ಲವೇ ಯುರೋಪು!

ಮೂಲೆಯಲ್ಲಿ ವಾಹನ ನಿಲ್ಲಿಸಲು ಹೇಳುವ ಸ್ಟಾಪ್ ಬೋರ್ಡು ಕಂಡಿತು. ನಾನು ಶಾಸ್ತ್ರೋಕ್ತವಾಗಿ ಪೆಡಲನ್ನು ಹಿಂದಕ್ಕೆ ತುಳಿದೆ. ಸೈಕಲ್ಲು ನಿಲ್ಲಲಿಲ್ಲ. ಇನ್ನೂ ಜೋರಾಗಿ ಹಿಂದಕ್ಕೆ ತುಳಿದೆ. ಪೆಡಲು ಗಿರಗಿರನೆ ತಿರುಗಿತು, ಸೈಕಲ್ಲು ಮಾತ್ರ ಮುಂದಕ್ಕೇ ಓಡಿತು. ಇದಕ್ಕೆ ಕೈಬ್ರೇಕು ಎಂಬ ಅರಿವು ಮೂಡುವಷ್ಟರಲ್ಲಿ ನಾನು ಒಬ್ಬರು ಮನೆಯ ಮುಂದೆ ಹಳೆಯ ಸಾಮಾನು ಹರಡಿ ಮಾರುತ್ತಿದ್ದ ಗರಾಜ್ ಸೇಲಿನ ಒಳಗೆ ಪ್ರವೇಶ ಮಾಡಿದ್ದೆ. ಹಳೆಯ ಸೋಫಾ ಒಂದು ತಾಯಿಯಂತೆ ನನ್ನನ್ನು ತಡೆದು ಕೂರಿಸಿಕೊಂಡಿತು. ಸೈಕಲ್ಲೂ ಅದಕ್ಕೇ ಒರಗಿದ್ದರಿಂದ ಗಂಟು ನೆಲ ಮುಟ್ಟಲಿಲ್ಲ, ಮೊಸರು ಚೆಲ್ಲಲಿಲ್ಲ.

ಮನೆಯ ಯಜಮಾನ ಓಡಿಬಂದ. ನನಗೆ ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಬಹಳ ವಿನಯದಿಂದ ಕೇಳಿದ: “ಇದನ್ನು ಎಷ್ಟಕ್ಕೆ ಕೊಡಬೇಕೆಂದಿದ್ದೀರಿ?”

ಮಾರಲು ತಂದದ್ದಲ್ಲ ಎಂದು ತಿಳಿದ ಮೇಲೂ ಬೇಸರಿಸದೆ ಸೊಟ್ಟಗಾದ ಹ್ಯಾಂಡಲ್ಲನ್ನು ತೊಡೆಯ ಮಧ್ಯೆ ಹಿಡಿದು ನೆಟ್ಟಗೆ ಮಾಡಿದ. ಬ್ರೇಕು ಎಲ್ಲಿದೆಯೆಂದು ಎರಡೆರಡು ಸಲ ತೋರಿಸಿದ. ಗಂಟಿನೊಳಗಿಂದ ಕಟುಂ ಕಟುಂ ಎಂದು ಸದ್ದು ಬಂತು. ಇಪ್ಪತ್ತನಾಲ್ಕು ರೊಟ್ಟಿಗಳು ನಲವತ್ತೆಂಟಾಗಿದ್ದವು.

ಸ್ಟಾಪಿನಲ್ಲಿ ನಿಂತು ಟೈಂಟೇಬಲ್ಲು ತೆಗೆದೆ. ಇಪ್ಪತ್ತು ನಿಮಿಷಕ್ಕೊಂದು ಬಸ್ಸೆಂದು ನಾನು ಗುರುತು ಹಾಕಿಕೊಂಡಿದ್ದು ಸೋಮವಾರದಿಂದ ಶುಕ್ರವಾರದವರೆಗಿನ ಪಟ್ಟಿ. ಶನಿವಾರ ಗಂಟೆಗೊಂದು. ಹತ್ತು ಇಪ್ಪತ್ತೈದರ ಬಸ್ಸು, ನಾನು ರಾಹುಕಾಲ ಕಳೆಯಲು ಕಾಯುತ್ತಿದ್ದಾಗ, ಹೋಗಿಯಾಗಿತ್ತು. ಅರ್ಧ ಗಂಟೆಗೂ ಹೆಚ್ಚು ನಿಂತೆ. ಬಸ್ಸಿನ ತಪ್ಪೇನೂ ಇಲ್ಲ, ಅದು ಹೇಳಿದ ಹೊತ್ತಿಗೇ ಬಂತು.

ಅಲ್ಲಿನ ಬಸ್ಸುಗಳಲ್ಲಿ ಸೈಕಲ್ಲನ್ನು ಒಳಗೆ ಒಯ್ಯುವಂತಿಲ್ಲ. ಬಸ್ಸಿನ ಮೂತಿಗೆ, ಡ್ರೈವರನ ಗಾಜಿನ ಕೆಳಗೆ, ಕಬ್ಬಿಣದ ಒಂದು ಚೌಕಟ್ಟು ಇರುತ್ತದೆ. ಅದರ ಮೇಲೆ ನಿಲ್ಲಿಸಿ ಕೊಕ್ಕೆ ಸಿಕ್ಕಿಸಬೇಕು. ಡ್ರೈವರು ಗಂಟಿನ ಕಡೆ ಬೆರಳು ತೋರಿಸಿ ಒಳಗೆ ತಾ ಎಂದ. ಒಳಗೆ ಸೀಟುಗಳೆಲ್ಲ ಭರ್ತಿ. ನಿಂತುಕೊಂಡು, ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ತುಳುಕದಂತೆ ಹಿಡಿಯಬೇಕಾದ ಮೊಸರು. ಗಂಟನ್ನು ಎಲ್ಲಿಡಲಿ? ಎಲ್ಲರ ಬೂಟು ತುಳಿದ ನೆಲದ ಮೇಲೆ? ಅವ್ವನ ಧ್ವನಿ ಕಿವಿಯಲ್ಲಿ ಮೊಳಗಿತು. ಬಸುರಿಯ ಊಟ, ನೆಲಕ್ಕೆ ಇಡುವಂತಿಲ್ಲ ಎಂದು ಬೇಡಿಕೊಂಡೆ. ಆ ಮನುಷ್ಯ ಇಳಿದು ಬಂದು, ಏಳು ಸುತ್ತಿನ ಹಗ್ಗ ಎಳೆದು ನೋಡಿ, ತಲೆಯಾಡಿಸಿ ಹತ್ತಿದ. ಫ್ರೀಮಾಂಟ್ ಮುಟ್ಟುವವರೆಗೂ ನನ್ನ ಬುತ್ತಿ ಬಸ್ಸಿನ ಹಣೆಯ ಮುಂದೆ, ಮದುಮಗನ ಬಾಸಿಂಗದಂತೆ, ಮೆರವಣಿಗೆ ಹೋಯಿತು.

ಫ್ರೀಮಾಂಟ್ ರೈಲು ಸ್ಟೇಷನ್ ಸೇರಿದಾಗ ಹನ್ನೆರಡೂಕಾಲು. ಆಗಿನ್ನೂ ರೈಲು ಅಲ್ಲಿಂದಲೇ ಶುರು. ಸ್ಟೇಷನ್ನಿನ ಫೋನಿನಿಂದ ನಸ್ರೀನಳ ಮನೆಗೆ ಮಾಡಿದೆ. ಸ್ಟಾಪಿನಲ್ಲಿ ಕಾದು ಆಗಷ್ಟೇ ಒಳಗೆ ಬಂದಿದ್ದಳು.

“ಸ್ವಲ್ಪ ತಡ ಆಗ್ತದವಾ. ನೀ ಒಂದು ಬಿಸ್ಕೀಟರೆ ತಿನ್ನು.”

“ಊಹೂಂ. ಕಾಯ್ತೀನಿ ಅಕ್ಕಾ. ನೀವು ಹುಷಾರಾಗಿ ಬನ್ನಿ. ನಾನು ಎರಡಕ್ಕೆ ಸ್ಟಾಪಲ್ಲಿರ್ತೀನಿ.”

ಆ ಸಣ್ಣ ದನಿ ಕೇಳಿ ಫೋನು ಇಟ್ಟೆ. ಅಲ್ಲಿಯವರೆಗೆ ಇದು ನನ್ನ ಮತ್ತು ಪ್ರಸನ್ನರ ಪಂದ್ಯವಾಗಿತ್ತು. ಈಗ ಹಸಿದ ಹೊಟ್ಟೆಯ ಆ ಹುಡುಗಿಯೊಬ್ಬಳೇ ಕಣ್ಣ ಮುಂದೆ ನಿಂತಳು.

ರೈಲು ಸುಲಭ. ನಾಲ್ಕನೆಯ ಸ್ಟೇಷನ್ನಿನಲ್ಲಿ ಇಳಿದು, ಡಬ್ಲಿನ್ ಕಡೆಯ ರೈಲು ಹಿಡಿಯಬೇಕು. ಡಬ್ಲಿನ್ ಎಂಬ ಹೆಸರು ಕಂಡು ಅರ್ಧ ಯುರೋಪು ಬಂದೇಬಿಟ್ಟಿತೆಂದು ನನಗೆ ಧೈರ್ಯ ಬಂತು. ಎದುರಿನ ಸೀಟಿನಲ್ಲಿ ಮೀನಿನ ಗಾಳ ಹಿಡಿದ ಫಿಲಿಪೀನ್ಸಿನ ಹಿರಿಯರೊಬ್ಬರು ಕೂತಿದ್ದರು. ಗಂಟು ಹೊತ್ತ ಸೈಕಲ್ಲನ್ನು ನೋಡಿ ಮುಗುಳ್ನಕ್ಕರು. ಅಷ್ಟು ಸಾಕಾಗಿತ್ತು. ಆಮ್‌ಸ್ಟರ್‌ಡ್ಯಾಮಿನ ಟ್ರ್ಯಾಮಿನ ವ್ಯವಸ್ಥೆ, ಅಲ್ಲಿನ ಜನರ ಶಿಸ್ತು, ರೈಲು ಬದಲಿಸುವಾಗ ವಹಿಸಬೇಕಾದ ಎಚ್ಚರ, ಒಂದನ್ನೂ ಬಿಡದೆ ವಿವರಿಸಿದೆ. ಅವರು ಅತ್ಯಂತ ಶ್ರದ್ಧೆಯಿಂದ ಕೇಳಿದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮೆಲ್ಲಗೆ ಕೇಳಿದರು: “ನೀವು ಇಳಿಯುವುದು ಎಲ್ಲಿ?”

“ಡಬ್ಲಿನ್.”

“ಹಾಗಾದರೆ ನಾಲ್ಕು ಸ್ಟೇಷನ್ ಹಿಂದೆ ಇಳಿಯಬೇಕಿತ್ತು.”

ಅವರ ದೊಡ್ಡತನ ನೋಡಿ. ಮುಂದಿನ ಸ್ಟೇಷನ್ನಿನಲ್ಲಿ ತಾವೂ ಇಳಿದರು. ಗಾಳವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನನ್ನ ಸೈಕಲ್ಲಿನ ಒಂದು ತುದಿ ಹಿಡಿದು ಮೆಟ್ಟಿಲು ಇಳಿಸಿ, ಆಚೆ ಪ್ಲಾಟ್‌ಫಾರಂಗೆ ಹತ್ತಿಸಿ, ಸರಿಯಾದ ರೈಲಿನಲ್ಲಿ ಕೂರಿಸಿದರು. “ಈ ಸಲ ಯಾರ ಜೊತೆಯೂ ಮಾತಾಡಬೇಡಿ,” ಎಂದು ಕೈಬೀಸಿದರು. ಆ ಪುಣ್ಯಾತ್ಮರಿಗೆ ಅಂದು ದೊಡ್ಡ ಮೀನೇ ಸಿಕ್ಕಿರಲಿ ಎಂದು, ಸಸ್ಯಾಹಾರಿಯಾದರೂ, ಮನಸಾರೆ ಹಾರೈಸಿದ್ದೇನೆ.

ಡಬ್ಲಿನ್‌ನಲ್ಲಿ ಡ್ಯಾನ್‌ವಿಲ್ ಕಡೆಯ ಬಸ್ಸು ಹತ್ತುವಾಗ ಎರಡು ಗಂಟೆ. ಈ ಸಲ ಡ್ರೈವರು ಒಬ್ಬ ಹೆಂಗಸು. ಭಾರಿ ಆಳು, ಭಾರಿ ನಗು. ಮೂತಿಯ ಮೇಲೆ ಗಂಟು ಯಾಕೆಂದು ಕೇಳಿದಳು. ನಸ್ರೀನಳ ಕತೆ, ಅವ್ವನ ನಿಯಮ ಎಲ್ಲ ಹೇಳಿದೆ. “ನೆಲಕ್ಕೆ ತಾಗಬಾರದು?” ಎಂದು ಮತ್ತೊಮ್ಮೆ ಕೇಳಿ ಗಂಭೀರವಾಗಿ ತಲೆಯಾಡಿಸಿದಳು. ತನಗೆ ಮೂರು ಮಕ್ಕಳೆಂದೂ, ಎರಡನೆಯವಳು ಹೊಟ್ಟೆಯಲ್ಲಿದ್ದಾಗ ಬರೀ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ತಿಂದು ಬದುಕಿದೆನೆಂದೂ ಹೇಳಿದಳು. ನಾನು ಪ್ರತಿ ಸಿಗ್ನಲ್ಲಿನಲ್ಲೂ ನಸ್ರೀನಳ ವಿಳಾಸದ ಚೀಟಿಯನ್ನು ಅವಳ ಮೂಗಿನ ಮುಂದೆ ಹಿಡಿದೆ.

“ಹನೀ,” ಎಂದು ಮುದ್ದಿನಿಂದ ಕರೆದಳು ನಾಲ್ಕನೆಯ ಸಲ, “ನಾನು ವರ್ಷಗಟ್ಟಲೆ ಇದೇ ರೂಟಿನಲ್ಲಿದ್ದೇನೆ. ಡ್ಯಾನ್‌ವಿಲ್ ಎಲ್ಲಿಗೂ ಓಡಿಹೋಗಿಲ್ಲ. ಹಿಂದೆ ಹೋಗಿ ಕೂತುಕೋ.”

ಹಿಂದೆ ಹೋಗಿ ಕೂತೆ. ಗಡಿಯಾರ ನೋಡಿದೆ. ಎರಡೂ ಇಪ್ಪತ್ತೈದು. ಕಿಟಕಿಯಲ್ಲಿ ರಸ್ತೆ ಬದಿಗೆ ‘ಡ್ಯಾನ್‌ವಿಲ್’ ಎಂಬ ದೊಡ್ಡ ಫಲಕ! ಎರಡನೆಯ ಸಲ ಸ್ಟಾಪು ತಪ್ಪಿಸಿಕೊಳ್ಳುವಷ್ಟು ದಡ್ಡಿ ನಾನಲ್ಲ. ಕಿಟಕಿಯ ಮೇಲಿನ ಗಂಟೆಯ ಹಗ್ಗ ಎಳೆದೆ. ಬಸ್ಸು ನಿಂತಿತು. ಆಮ್‌ಸ್ಟರ್‌ಡ್ಯಾಮಿನ ಟ್ರ್ಯಾಮಿನಿಂದ ಇಳಿಯುತ್ತಿದ್ದ ಹಾಗೆಯೇ ಹಿಂದಿನ ಬಾಗಿಲಿನಿಂದ ಠೀವಿಯಿಂದ ಇಳಿದೆ. ಮೊಸರು ಒಂದು ತೊಟ್ಟೂ ಚೆಲ್ಲಿರಲಿಲ್ಲ. ಗೆದ್ದೆ ಎಂದುಕೊಂಡೆ.

ಬಸ್ಸು ಹೊರಟಿತು. ಮುಂದಿನ ತಿರುವಿನಲ್ಲಿ ಅದು ಹೊರಳಿದಾಗ ಅದರ ಮೂತಿ ಕಂಡಿತು. ಮೂತಿಯ ಮೇಲೆ ಸೈಕಲ್ಲು. ಸೈಕಲ್ಲಿನ ಮೇಲೆ ಇಳಕಲ್ ಗಂಟು. ಗಂಟಿನ ಸೆರಗು ಗಾಳಿಗೆ ಹಾರಿ ನನಗೆ ಟಾಟಾ ಮಾಡುತ್ತಿತ್ತು!

“ಏ! ನಿಲ್ಲಸ್ರೀ! ನಮ್ಮ ರೊಟ್ಟಿ!” ಎಂದು ಅಪ್ಪಟ ಗದಗಿನ ಕನ್ನಡದಲ್ಲಿ ಚೀರುತ್ತಾ ಓಡಿದೆ. ಇಡೀ ದಿನ ಜೋಪಾನ ಮಾಡಿದ ಮೊಸರು, ಮುಚ್ಚಳ ಹಾರಿ, ಚೂಡಿದಾರದ ಮೇಲೆ ಅಭಿಷೇಕವಾಯಿತು. ಬಸ್ಸು ಮಾಯವಾಯಿತು.

ರಸ್ತೆಬದಿಯಲ್ಲಿ ಕೂತು ಅತ್ತುಬಿಟ್ಟೆ. ನಾಚಿಕೆಗಲ್ಲ. ಏಳು ತಿಂಗಳ ಬಸುರಿ ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿ ಬಿಸಿಲಿನಲ್ಲಿ ನಿಂತಿದ್ದಾಳೆ. ಅವಳಿಗೆ ತಲೆ ಸುತ್ತಿದರೆ? ಬಿದ್ದುಬಿಟ್ಟರೆ? ಭಾನುವಾರ ಕಾರಿನಲ್ಲಿ ಒಂದು ಗಂಟೆಯಲ್ಲಿ ಬರಬಹುದಾಗಿದ್ದ ರೊಟ್ಟಿಯನ್ನು ನನ್ನ ಒಣಜಂಭ ಊರೂರು ಮೆರೆಸಿ ಕಳೆದುಹಾಕಿತಲ್ಲ!

ಕಣ್ಣೊರೆಸಿಕೊಂಡು, ದಿಕ್ಕು ನೋಡದೆ, ನಡೆಯತೊಡಗಿದೆ. ಆ ಊರಿನಲ್ಲಿ ರಸ್ತೆಯಲ್ಲಿ ನಡೆಯುವವರೇ ಇಲ್ಲ. ಒಂದಾದ ಮೇಲೊಂದು ಮೂರು ಕಾರು ನಿಂತವು. ಮೂರರಲ್ಲೂ ಒಂದೇ ಪ್ರಶ್ನೆ: “ನಿಮ್ಮ ಕಾರು ಕೆಟ್ಟಿತೇ?”

“ಇಲ್ಲ, ನನಗೆ ಕಾರೇ ಇಲ್ಲ. ನಡೆದು ಹೋಗುತ್ತಿದ್ದೇನೆ.”

ಕಾರು ಕೆಟ್ಟಿದೆ ಎಂದಿದ್ದರೆ ಅವರಿಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ಒಬ್ಬಾತ ಪೊಲೀಸರನ್ನು ಸಹಾಯಕ್ಕೆ ಕರೆಯಲೇ ಎಂದ. ನಾಲ್ಕನೆಯದು ಹಳೆಯ ಉದ್ದನೆಯ ಕಾರು. ಒಳಗೆ ಬಿಳಿಕೂದಲಿನ ಒಬ್ಬ ಅಜ್ಜಿ, ಹಿಂದಿನ ಸೀಟಿನಲ್ಲಿ ಕರುವಿನಷ್ಟು ದೊಡ್ಡ ನಾಯಿ.

“ಎಲ್ಲಿಗೆ ಹೊರಟೆ ಮಗಳೇ?” ಎಂಬಂಥ ದನಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದಳು.

“ಡ್ಯಾನ್‌ವಿಲ್ ಊರೊಳಕ್ಕೆ.”

“ಊರು ಹಿಂದೆ ಉಳಿಯಿತು. ನೀನು ವಾಪಸು ಡಬ್ಲಿನ್ ಕಡೆಗೆ ನಡೆಯುತ್ತಿದ್ದೀಯ.”

ನಾನು ಹತ್ತಿ ಕೂತೆ. ವಿಳಾಸದ ಚೀಟಿ ಕೊಟ್ಟು, ಅಳುತ್ತಾ ಎಲ್ಲ ಹೇಳಿದೆ. ಅಜ್ಜಿ ಗಾಡಿ ತಿರುಗಿಸಿದಳು. ನಾಯಿ ಹಿಂದಿನಿಂದ ಮುಂದಕ್ಕೆ ಬಾಗಿ, ಡಬ್ಬಿಯಲ್ಲಿ ಉಳಿದ ಮೊಸರನ್ನೂ ನನ್ನ ಚೂಡಿದಾರದ ಮೊಸರನ್ನೂ ಪಕ್ಷಪಾತವಿಲ್ಲದೆ ನೆಕ್ಕಿ ಸ್ವಚ್ಛಗೊಳಿಸಿತು. ನಾನು ತಡೆಯಲಿಲ್ಲ. ಆ ದಿನ ನನ್ನಿಂದ ಒಬ್ಬರಿಗಾದರೂ ಊಟ ಸಿಗಲಿ ಎನಿಸಿತು.

ಮೂರು ಮೈಲಿ ಹೋದ ಮೇಲೆ ನಸ್ರೀನಳ ಸ್ಟಾಪು ಕಂಡಿತು. ಬೆಂಚಿನ ಮೇಲೆ ನಸ್ರೀನ್! ಪಕ್ಕದ ಕಂಬಕ್ಕೆ ಒರಗಿಸಿದ ಸೈಕಲ್ಲು! ಅವಳ ತೊಡೆಯ ಮೇಲೆ, ಎರಡೂ ಕೈಯಿಂದ ತಬ್ಬಿ ಹಿಡಿದ ಇಳಕಲ್ ಗಂಟು!

ಕಾರು ನಿಲ್ಲುವ ಮೊದಲೇ ನಾನು ಇಳಿದಿದ್ದೆ. ನನ್ನನ್ನು ಕಂಡದ್ದೇ ಅವಳು ಬಿಕ್ಕಿ ಬಿಕ್ಕಿ ಅತ್ತಳು.

“ರೊಟ್ಟಿ ಬಂತು, ನೀವು ಬರ್ಲಿಲ್ಲ ಅಕ್ಕಾ! ಬಸ್ಸಿನ ಮುಂದೆ ನಿಮ್ಮ ಗಂಟು ನೋಡ್ದೆ. ಬಾಗಿಲು ತೆಗೆದ್ರೆ ನೀವೇ ಇಲ್ಲ! ಎಲ್ಲೋ ಬಿದ್ದು ಹೋದ್ರಿ ಅನ್ಕೊಂಡೆ.”

“ಗಂಟು ಯಾರು ಕೊಟ್ರವಾ?”

“ಆ ಡ್ರೈವರ್ ಲೇಡಿ. ನೀವೇನಾ ನಸ್ರೀನ್ ಅಂತ ಹೆಸರು ಹಿಡಿದು ಕೇಳಿದ್ಲು.”

ಆಮೇಲೆ ತಿಳಿಯಿತು. ಆ ಡ್ರೈವರಮ್ಮ ಸ್ಟಾಪಿನಲ್ಲಿ ಹೊಟ್ಟೆ ಮುಂದೆ ಮಾಡಿ ನಿಂತ ನಸ್ರೀನಳನ್ನು ಕಂಡು ಬಸ್ಸು ನಿಲ್ಲಿಸಿ, ತಾನೇ ಇಳಿದು, ಹಗ್ಗದ ಏಳೂ ಸುತ್ತು ಬಿಚ್ಚಿ, ಗಂಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವಳ ಮಡಿಲಿಗೆ ಇಟ್ಟಿದ್ದಳು. “ಕೂತ್ಕೊಂಡು ಮಡಿಲಲ್ಲೇ ಇಟ್ಕೋ, ಇದು ನೆಲಕ್ಕೆ ತಾಗಬಾರದಂತೆ,” ಎಂದು ನಸ್ರೀನಳಿಗೆ ಅವಳೇ ತಾಕೀತು ಮಾಡಿದ್ದಳು. ಬಸ್ಸಿನಲ್ಲಿದ್ದವರೆಲ್ಲ ಸುಮ್ಮನೆ ಕಾದರಂತೆ. ಇದನ್ನು ಕೇಳಿ ನನಗೆ ಮತ್ತೆ ಅಳು ಬಂತು. ಅವ್ವನ ನಿಯಮವನ್ನು ನಾನು ಬೀದಿಪಾಲು ಮಾಡಿದರೂ, ಹೆಸರೂ ತಿಳಿಯದ ಒಬ್ಬ ಹೆಂಗಸು ಕಾಪಾಡಿದ್ದಳು.

“ಮತ್ತ ತಿನ್ನಲಿಲ್ಲ ಯಾಕ?”

“ನಿಮ್ಮನ್ನ ಬಿಟ್ಟು ಹೆಂಗೆ ತಿನ್ಲಿ? ಗಂಟಲಲ್ಲಿ ಇಳಿಯುತ್ತಾ?”

ಮನೆಗೆ ಹೋಗಿ ತಿನ್ನುವಷ್ಟು ವ್ಯವಧಾನ ಇಬ್ಬರಿಗೂ ಇರಲಿಲ್ಲ. ಬಯಕೆ ಊಟಕ್ಕೆ ಹಸಿರು ಸೀರೆಯಿಲ್ಲ, ಆರತಿಯಿಲ್ಲ. ಬಸ್ ಸ್ಟಾಪಿನ ಬೆಂಚು ಇತ್ತು. ಗಂಟು ಬಿಚ್ಚಿದೆವು. ರೊಟ್ಟಿಗಳೆಲ್ಲ ಚೂರುಚೂರು. ಎಣ್ಣೆಗಾಯಿಯ ಡಬ್ಬಿ ಸೋರಿ, ಚಟ್ನಿಪುಡಿ ಉದುರಿ, ಎಲ್ಲ ಕಲೆತು ಒಂದಾಗಿತ್ತು. ನಸ್ರೀನ್ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ನಾನು, ಅಜ್ಜಿ, ನಾಯಿ ಮೂವರೂ ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತಾ ನಿಂತೆವು. ಒಂದು ನಿಮಿಷ. ಎರಡು ನಿಮಿಷ. ಐದು ನಿಮಿಷ.

ನಿಂತಿತು! ಹೊಟ್ಟೆಯಲ್ಲಿ ನಿಂತಿತು!

ಮತ್ತೆ ಒಂದು ಹಿಡಿ ತಿಂದಳು, ಇನ್ನೊಂದು ಹಿಡಿ. ಅವಳ ಮುಖಕ್ಕೆ ಬಣ್ಣ ಬರುವುದು ನಮಗೆ ಕಾಣುತ್ತಿತ್ತು. ಅಜ್ಜಿ ತಾನೂ ಒಂದು ಚೂರು ತಿಂದು, ಖಾರಕ್ಕೆ ಕಣ್ಣೀರು ಸುರಿಸಿ, ಇನ್ನೊಂದು ಚೂರಿಗೆ ಕೈಚಾಚಿದಳು. ಅಷ್ಟರಲ್ಲಿ ಅದೇ ಬಸ್ಸು ಎದುರು ದಿಕ್ಕಿನಿಂದ ವಾಪಸು ಬಂತು. ಡ್ರೈವರಮ್ಮ ನನ್ನನ್ನು ಕಂಡು ಹಾರ್ನು ಬಾರಿಸಿದ ರೀತಿಗೆ ಆ ಊರಿನ ಮೂರು ಮನೆಗಳ ಕಿಟಕಿ ತೆರೆದವು. ನಾನು ನಡುರಸ್ತೆಯತ್ತ ತಿರುಗಿ ಕೈಮುಗಿದೆ.

ಕೈ ಇಳಿಸಿದವಳು ರೊಟ್ಟಿಯ ಚೂರುಗಳನ್ನೇ ನೋಡುತ್ತಾ ನಿಂತೆ. ಬಸುರಿ ಉಣ್ಣುವ ಮೊದಲು ನಾನು ಉಣ್ಣಬಾರದೆಂದು ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ನಸ್ರೀನ್ ಆ ನೋಟವನ್ನು ಗಮನಿಸಿಬಿಟ್ಟಳು.

“ಅಕ್ಕಾ, ನೀವು ಊಟ ಮಾಡಿದ್ದು ಯಾವಾಗ?”

“ನಂದೇನು ಬಿಡವಾ...”

“ಬಾಯಿ ತೆಗೀರಿ.”

ಏಳು ತಿಂಗಳ ಬಸುರಿ ತನ್ನ ಬಯಕೆಯ ಊಟವನ್ನು ತುತ್ತು ಕಟ್ಟಿ ನನ್ನ ಬಾಯಿಗೆ ಇಟ್ಟಳು. ನಾನು ಚಿಕ್ಕ ಮಗುವಿನಂತೆ ಬಾಯಿ ತೆರೆದು ತಿಂದೆ. ಬೇಡ ಎನ್ನಲು ನನ್ನಲ್ಲಿ ಶಕ್ತಿಯಿರಲಿಲ್ಲ, ಮನಸ್ಸಂತೂ ಮೊದಲೇ ಇರಲಿಲ್ಲ.

ಸಂಜೆ ಪ್ರಸನ್ನ ಕಾರು ತೆಗೆದುಕೊಂಡು ನಸ್ರೀನಳ ಮನೆಗೆ ಬಂದಾಗ ನಾನು ಅವಳ ಸೋಫಾದ ಮೇಲೆ, ಅವಳದೇ ಸಲ್ವಾರ್ ತೊಟ್ಟು, ಅವಳು ಹೊದಿಸಿದ ರಗ್ಗಿನೊಳಗೆ ಗಾಢ ನಿದ್ದೆಯಲ್ಲಿದ್ದೆನಂತೆ.

“ಅಕ್ಕ ನನಗೋಸ್ಕರ ಅಷ್ಟು ದೂರದಿಂದ ಹೊತ್ಕೊಂಡು ಬಂದ್ರು ಅಣ್ಣಾ,” ಎಂದು ಅವಳು ಅವರ ಮುಂದೆ ಹೊಗಳುವುದು ಅರೆನಿದ್ದೆಯಲ್ಲಿ ಕೇಳಿಸಿತು. ಎದ್ದು ನಿಜ ಹೇಳಬೇಕೆನಿಸಿತು. ರೊಟ್ಟಿಯನ್ನು ತಂದವಳು ಡ್ರೈವರಮ್ಮ. ನನ್ನನ್ನು ತಂದವಳು ಅಜ್ಜಿ. ಮೊಸರು ನಾಯಿಯ ಪಾಲು. ಸ್ಯಾನ್ ಹೊಸೆಯಿಂದ ಡ್ಯಾನ್‌ವಿಲ್ಲಿನವರೆಗೆ ನಾನೇ ಸ್ವತಃ, ಯಾರ ಸಹಾಯವೂ ಇಲ್ಲದೆ ಹೊತ್ತು ತಂದದ್ದು ನನ್ನ ಹಸಿವೊಂದನ್ನೇ. ಅದನ್ನೂ ಕೊನೆಗೆ ಆ ಬಸುರಿಯೇ ಇಳಿಸಬೇಕಾಯಿತು!